ಜಮ್‌ಷೆಡ್‌ಜಿ ಟಾಟಾ: ದಾನವೂ ಕಾಯಿದೆಯೂ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಟಾಟಾ ಎಂಬ ಹೆಸರು ಹೊಸದಲ್ಲ. ಆದರೆ ಈ ನಗರದ ಕಟ್ಟಡಗಳ ಬಾಡಿಗೆಗೂ ಬೆಂಗಳೂರಿನ ವಿಜ್ಞಾನಮಂದಿರಕ್ಕೂ ಇರುವ ನಂಟನ್ನು ಬಲ್ಲವರು ವಿರಳ. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಆ ನಂಟನ್ನು ಬೆಸೆದ ಮಹನೀಯರನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಜಮ್‌ಷೆಡ್‌ಜಿಯವರು ೧೮೩೯ರ ಮಾರ್ಚ್ ೩ರಂದು ಗುಜರಾತಿನ ನವಸಾರಿಯಲ್ಲಿ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ ತಂದೆ ನುಸರ್‌ವಾನ್‌ಜಿಯವರ ವ್ಯಾಪಾರಕ್ಕೆ ಸೇರಿದರು. ೧೮೭೭ರ ಜನವರಿ ೧ರಂದು ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ನಮ್ಮ ನಾಡಿನಲ್ಲಿ ರೇಷ್ಮೆ ಸಾಕಣೆಯನ್ನು ಸುಧಾರಿಸಲೆಂದು ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ತೆರೆದವರೂ ಇವರೇ. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ.

ಸಂಪತ್ತು ಕೂಡಿದಂತೆಲ್ಲ ಅದರ ವಿನಿಯೋಗದ ಚಿಂತೆಯೂ ಅವರಲ್ಲಿ ಬೆಳೆಯಿತು. ೧೮೯೨ರಲ್ಲಿ ಭಾರತೀಯ ತರುಣರು ಹೊರದೇಶಗಳಲ್ಲಿ ಓದಲು ನೆರವಾಗುವ ನಿಧಿಯನ್ನು ಸ್ಥಾಪಿಸಿದರು. ೧೮೯೮ರಲ್ಲಿ ಉನ್ನತ ಸಂಶೋಧನೆಗೆ ಮೀಸಲಾದ ಸಂಸ್ಥೆಯೊಂದಕ್ಕೆ ೩೦ ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಲು ಮುಂದಾದರು. ಆ ಆಸ್ತಿ ಮುಂಬಯಿಯ ಕಟ್ಟಡಗಳು ಮತ್ತು ಭೂಮಿಯ ರೂಪದಲ್ಲಿತ್ತು. ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ರೂಪಾಯಿ ಅದರಿಂದ ಬರುವ ನಿರೀಕ್ಷೆಯಿತ್ತು.

ಕೊಡುವ ಕೈ ಸಿದ್ಧವಾಗಿದ್ದರೂ ಸರಕಾರದ ಒಪ್ಪಿಗೆ ಸುಲಭವಾಗಿ ದೊರೆಯಲಿಲ್ಲ. ವೈಸರಾಯ್ ಲಾರ್ಡ್ ಕರ್ಜನ್ ಅವರಿಗೆ, ಇಂತಹ ಸಂಸ್ಥೆಗೆ ವಿದ್ಯಾರ್ಥಿಗಳು ಬಂದಾರೆ, ಬಂದರೂ ಓದಿದ ಮೇಲೆ ಉದ್ಯೋಗ ದೊರೆತೀತೆ ಎಂಬ ಸಂದೇಹ. ಪರಿಶೀಲನೆಗೆ ಬಂದ ವಿಜ್ಞಾನಿ ವಿಲಿಯಂ ರಾಮ್ಸೆಯವರು ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು ೩೭೧ ಎಕರೆ ಭೂಮಿ, ಕಟ್ಟಡಕ್ಕೆ ೫ ಲಕ್ಷ ರೂಪಾಯಿ ಹಾಗೂ ವರ್ಷಕ್ಕೆ ೫೦,೦೦೦ ರೂಪಾಯಿಗಳ ನೆರವನ್ನು ಉದಾರವಾಗಿ ನೀಡಿತು. ಆದರೂ ಕಡತಗಳು ಮೇಜಿನಿಂದ ಮೇಜಿಗೆ ಸಾಗುತ್ತಲೇ ಇದ್ದವು. ೧೯೦೪ರ ಮೇ ೧೯ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್‌ಷೆಡ್‌ಜಿಯವರು ಕಣ್ಮುಚ್ಚಿದಾಗ ಸಂಸ್ಥೆಯ ಒಂದು ಕಲ್ಲೂ ಎದ್ದಿರಲಿಲ್ಲ.

ದಾನಿ ತೀರಿಕೊಂಡರೆ ದಾನವೂ ಕರಗಿಹೋಗುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿಯವರು ತಂದೆಯ ಸಂಕಲ್ಪಕ್ಕೆ ಬದ್ಧರಾಗಿ ನಿಂತರು. ಆ ಸಂಕಲ್ಪಕ್ಕೆ ಶಾಶ್ವತ ರೂಪ ಕೊಟ್ಟದ್ದು ೧೮೯೦ರ ಧರ್ಮದತ್ತಿಗಳ ಕಾಯಿದೆ.

ಈ ಕಾಯಿದೆಯ ವ್ಯವಸ್ಥೆ ಲೆಕ್ಕಪತ್ರಗಳಲ್ಲೇ ದಿನ ಕಳೆಯುವ ನಮ್ಮಂಥ ಬ್ಯಾಂಕ್ ಗುಮಾಸ್ತರಿಗೆ ಬಹಳ ಮೆಚ್ಚಿಕೆಯಾಗುವಂಥದು. ಬಡವರ ನೆರವು, ವಿದ್ಯೆ, ವೈದ್ಯ ಮುಂತಾದ ಲೋಕೋಪಯೋಗಿ ಉದ್ದೇಶಗಳ ಆಸ್ತಿಯನ್ನು ಧರ್ಮದತ್ತಿಗಳ ಖಜಾಂಚಿ ಎಂಬ ಅಧಿಕಾರಿಯ ಹೆಸರಿಗೆ ಸರಕಾರ ವಹಿಸಬಹುದು. ಕೇವಲ ಮತಬೋಧನೆ ಅಥವಾ ಪೂಜೆಗೆ ಸಂಬಂಧಿಸಿದ ಆಸ್ತಿಗೆ ಇದು ಅನ್ವಯಿಸದು. ಹುದ್ದೆಯಲ್ಲಿರುವವರು ಬದಲಾದರೂ ಆಸ್ತಿಯ ಒಡೆತನ ಅಳಿಯದು, ವಾರಸುದಾರರ ನಡುವೆ ಹಂಚಿಹೋಗದು. ಆಡಳಿತಕ್ಕಾಗಿ ಪ್ರತ್ಯೇಕ ಯೋಜನೆಯೊಂದು ಗೊತ್ತಾಗುತ್ತದೆ. ಅದರಲ್ಲಿ ಖಜಾಂಚಿಗೆ ಕೈಹಾಕುವ ಅಧಿಕಾರವಿಲ್ಲ. ಅವನ ವಶದಲ್ಲಿರುವ ಆಸ್ತಿಗಳ ಪಟ್ಟಿಯೂ ಲೆಕ್ಕದ ಸಾರಾಂಶವೂ ವರ್ಷಕ್ಕೊಮ್ಮೆ ಪ್ರಕಟವಾಗಬೇಕು. ಆಸ್ತಿ ಒಬ್ಬರ ಹೆಸರಿನಲ್ಲಿ, ಆಡಳಿತ ಇನ್ನೊಬ್ಬರ ಕೈಯಲ್ಲಿ, ಲೆಕ್ಕ ಎಲ್ಲರ ಕಣ್ಣೆದುರಿನಲ್ಲಿ!

ಈ ಕಾಯಿದೆಗೆ ಅನುಸಾರವಾಗಿ ೧೯೦೯ರ ಮೇ ೨೭ರಂದು ಭಾರತ ಸರಕಾರ ಹಸ್ತಾಂತರದ ಆಜ್ಞೆಯನ್ನು ಹೊರಡಿಸಿತು. ಅಂದೇ ಭಾರತೀಯ ವಿಜ್ಞಾನ ಸಂಸ್ಥೆಯ ಜನ್ಮದಿನ. ೧೯೧೧ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಅದೇ ವರ್ಷದ ಜುಲೈಯಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು.

ಸಂಸ್ಥೆಯ ಹೆಸರಿನಲ್ಲಿ ದಾನಿಯ ಹೆಸರಿಲ್ಲ. ಬೆಂಗಳೂರಿನ ಜನ ಮಾತ್ರ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಮುಂಬಯಿಯ ಧನವೂ ಮೈಸೂರಿನ ನೆಲವೂ ಕೂಡಿ ಬೆಳೆದ ಈ ಸಂಸ್ಥೆ ಒಂದು ಪಾಠವನ್ನು ಕಲಿಸುತ್ತದೆ: ದಾನಕ್ಕೆ ಹೃದಯವೈಶಾಲ್ಯ ಬೇಕು, ದಾನ ಉಳಿಯುವುದಕ್ಕೆ ಕ್ರಮಬದ್ಧವಾದ ಪತ್ರವೂ ಲೆಕ್ಕವೂ ಬೇಕು. ಸಂಘಕ್ಕೆ ನಿಧಿ ಕೂಡಿಸುವ, ಕಟ್ಟಡ ಕಟ್ಟುವ ಹೊರನಾಡ ಕನ್ನಡಿಗರಾದ ನಾವು ಇದನ್ನು ಮನಸ್ಸಿನಲ್ಲಿಟ್ಟರೆ, ನಮ್ಮ ಸಣ್ಣ ಕಾಣಿಕೆಗಳೂ ಮುಂದಿನ ಪೀಳಿಗೆಗೆ ಸುರಕ್ಷಿತವಾಗಿ ತಲುಪಿಯಾವು.