ಚಿಪ್ಪಿನೊಳಗಿನ ಕೆಂಪು

ಶಿರಸಿಯ ಅಡಿಕೆ ತೋಟಗಳ ನಡುವೆ ಕುಳಿತು ಕಡಲಕಳೆಯ ಮಾತೆತ್ತಿದರೆ ಓದುಗರು ನಕ್ಕಾರು. ಆದರೆ ನಮ್ಮ ಅಘನಾಶಿನಿ ಇಲ್ಲಿ ಹುಟ್ಟಿ, ಸಿದ್ದಾಪುರದ ಕಾಡುಗಳನ್ನು ಹಾದು, ಕುಮಟೆಯ ಬಳಿ ಕಡಲನ್ನು ಸೇರುತ್ತದೆ. ಕರಾವಳಿಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ನಮ್ಮ ಹಿರಿಯರು ಕವಳಕ್ಕೆ ಹಚ್ಚಿದವರು. ಚಿಪ್ಪನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು ಕ್ಯಾಥ್ಲೀನ್ ಡ್ರೂ ಬೇಕರ್.

1901ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಲೀ ಎಂಬ ಊರಿನಲ್ಲಿ ಆಕೆ ಜನಿಸಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಕಲಿತು, ಅಲ್ಲಿಯೇ ಅಧ್ಯಾಪಕಿಯಾಗಿ, ಕೆಂಪು ಶೈವಲಗಳ ಅಧ್ಯಯನವನ್ನು ವ್ರತವಾಗಿ ಹಿಡಿದರು. 1928ರಲ್ಲಿ ಮದುವೆಯಾಯಿತು. ವಿವಾಹಿತೆಯರಿಗೆ ಅಧ್ಯಾಪನ ಸಲ್ಲದೆಂಬುದು ಅಲ್ಲಿಯ ಅಂದಿನ ನಿಯಮ, ಹುದ್ದೆ ಹೋಯಿತು. ಪ್ರಯೋಗಶಾಲೆಯನ್ನು ಮಾತ್ರ ಆಕೆ ಬಿಡಲಿಲ್ಲ. ಬಹುಮಟ್ಟಿಗೆ ಸಂಬಳವಿಲ್ಲದೆಯೇ ದುಡಿದರು.

ಕಡಲಂಚಿನ ಬಂಡೆಗಳ ಮೇಲೆ ಪೊರ್ಫೈರಾ ಎಂಬ ಕಳೆ ತೆಳುಹಾಳೆಯಂತೆ ಬೆಳೆಯುತ್ತದೆ. ಅದರ ಬಂಧುವನ್ನು ಜಪಾನೀಯರು ನೋರಿ ಎಂದು ಒಣಗಿಸಿ ತಿನ್ನುತ್ತಾರೆ. ಚಳಿಗಾಲದಲ್ಲಿ ಬೆಳೆಯುವ ಈ ನೋರಿ ಬೇಸಿಗೆಯಲ್ಲಿ ಮಾಯವಾಗುತ್ತಿತ್ತು. ಆಗ ಅದರ ಬೀಜ ಎಲ್ಲಿ ಅಡಗಿರುತ್ತದೆಂಬುದು ಬೆಸ್ತರಿಗೂ ತಿಳಿಯದು, ಪಂಡಿತರಿಗೂ ತಿಳಿಯದು. ಬೆಳೆ ಕೈಗೂಡುವುದು ಅದೃಷ್ಟದ ಮಾತಾಗಿತ್ತು. ಇತ್ತ, ಚಿಪ್ಪುಗಳನ್ನು ಕೊರೆದು ಒಳಗೆ ಬೆಳೆಯುವ ನಸುಗೆಂಪು ಎಳೆಗಳಿಗೆ ಗ್ರಂಥಗಳಲ್ಲಿ ಕಾಂಕೋಸೀಲಿಸ್ ಎಂಬ ಬೇರೆಯೇ ಹೆಸರಿತ್ತು. ಆಕೆ ಪೊರ್ಫೈರಾದ ಬೀಜಕಣಗಳನ್ನು ಚಿಪ್ಪಿನ ಮೇಲೆ ಬಿತ್ತಿ ಕಾದರು. ಮೊಳೆತದ್ದು ಹಾಳೆಯಲ್ಲ, ಅದೇ ನಸುಗೆಂಪು ಎಳೆ! ಎರಡು ಹೆಸರಿನ ಜೀವ ಒಂದೇ ಎಂಬುದನ್ನು 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಪಾನಿನ ವಿಜ್ಞಾನಿಗಳು ಆ ಸುಳಿವನ್ನು ಹಿಡಿದು, ಚಿಪ್ಪಿನಲ್ಲಿ ಬೀಜ ಬೆಳೆಸಿ ಬಲೆಗಳಿಗೆ ಹತ್ತಿಸುವುದನ್ನು ಕಲಿತರು.

1952ರಲ್ಲಿ ಬ್ರಿಟಿಷ್ ಶೈವಲಶಾಸ್ತ್ರ ಸಂಘದ ಮೊದಲ ಅಧ್ಯಕ್ಷತೆ ಆಕೆಗೆ ಸಂದಿತು. 1957ರಲ್ಲಿ, ಐವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. 1963ರಲ್ಲಿ ಜಪಾನಿನ ಉತೋ ಎಂಬಲ್ಲಿ ಆಕೆಯ ಸ್ಮಾರಕವೆದ್ದಿತು. ಆ ದೇಶವನ್ನು ಆಕೆ ಕಣ್ಣಾರೆ ಕಂಡವರೇ ಅಲ್ಲ.

ಭಾಷೆಯ ಅಧ್ಯಾಪಕನಾದ ನನಗೆ ಈ ತೊಡಕು ಅಪರಿಚಿತವಲ್ಲ. ಹಳಗನ್ನಡದ ಪಾಲ್, ಹೊಸಗನ್ನಡದ ಹಾಲು: ರೂಪವೆರಡು, ಮಾತೊಂದು. ಅರಿ ಎಂದರೆ ಕನ್ನಡದಲ್ಲಿ ತಿಳಿ, ಸಂಸ್ಕೃತದಲ್ಲಿ ಶತ್ರು: ರೂಪವೊಂದು, ಮಾತೆರಡು. ಕಡಲಕಳೆಯಲ್ಲಿಯೂ ಹೀಗೆಯೇ. ಹಾಳೆಯ ಕೋಶಪದರ ಒಂದೋ ಎರಡೋ ಎಂದು ಎಣಿಸಿ ಕಟ್ಟಿದ್ದ ವರ್ಗೀಕರಣವನ್ನು 2011ರಲ್ಲಿ ವಂಶವಾಹಿಗಳ ಹೋಲಿಕೆ ತಿದ್ದಿತು. ಪೊರ್ಫೈರಾ ಎಂಬ ಒಂದು ಕುಲ ಹಲವಾಗಿ ಒಡೆಯಿತು. ನಮ್ಮ ಪಡುಗಡಲಿನ ಮಳೆಗಾಲದ ಪೊರ್ಫೈರಾಕ್ಕೂ ಹೆಸರು ಬದಲಾಯಿತು. ವಂಶವಾಹಿ ನಂಟನ್ನು ಹೇಳಬಲ್ಲದು. ಆ ಜೀವ ಬೇಸಿಗೆಯನ್ನು ಎಲ್ಲಿ ಕಳೆಯುತ್ತದೆಂಬುದನ್ನು ಹೇಳಿದ್ದು ಕಾದು ನೋಡಿದ ಕಣ್ಣು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಿಂದ ಬಂದು ನನ್ನ ತರಗತಿಯಲ್ಲಿ ಕುಳಿತ ಕೆಲವು ಜಾಣೆಯರ ಹೆಸರನ್ನು, ಮದುವೆಯಾಗಿ ಹೋದರೆಂದು, ಹಾಜರಿ ಪುಸ್ತಕದಲ್ಲಿ ನಾನೇ ಹೊಡೆದುಹಾಕಿದ್ದೇನೆ. ಅವರ ಓದು ಅಲ್ಲಿಗೆ ಮುಗಿಯಿತೆಂದು ಎಣಿಸಿದ್ದೆ. ಈಗ ಹಾಗೆ ಎಣಿಸುವುದಿಲ್ಲ. ಪೇಟೆಯಲ್ಲಿ ಎದುರಾದಾಗ, ಈಗೇನು ಓದುತ್ತಿದ್ದೀಯಮ್ಮ ಎಂದು ಕೇಳುತ್ತೇನೆ. ಕೈಯಲ್ಲಿ ಪುಸ್ತಕವಿದ್ದರೆ ಕೊಟ್ಟು ಬರುತ್ತೇನೆ.