ಅರಿವೆಯಂಗಡಿಯವನು ಕಂಡ ಕಿರುಪ್ರಾಣಿಗಳು

ನಮ್ಮ ಚಿಕ್ಕೋಡಿ ಭಾಗದ ಹುಡುಗರು ಮನೆಯಲ್ಲಿ ಕನ್ನಡವನ್ನೂ ನಿಪ್ಪಾಣಿಯ ಪೇಟೆಯಲ್ಲಿ ಮರಾಠಿಯನ್ನೂ ಸಲೀಸಾಗಿ ಆಡುವರು. ಪ್ರಯೋಗಶಾಲೆಯ ಹೊಸ್ತಿಲು ದಾಟಿದೊಡನೆ ಇಂಗ್ಲಿಷಿಗೆ ಅಂಜಿ ಮೂಕರಾಗುವರು. ಒಂದು ಕಾಲಕ್ಕೆ ನಾನೂ ಅಂಥವನೇ. ಪಿ.ಯು.ಸಿ. ಆದ ಮೇಲೆ ವಿಜ್ಞಾನವನ್ನು ಬಿಟ್ಟು ಕನ್ನಡದ ಕಡೆಗೆ ತಿರುಗಿದುದಕ್ಕೆ ಭಾಷಾಪ್ರೀತಿಯಷ್ಟೇ ಆ ಅಂಜಿಕೆಯೂ ಕಾರಣವಾಗಿತ್ತೆಂಬುದನ್ನು ಈಗ ಮುಚ್ಚಿಡಬೇಕಾಗಿಲ್ಲ. ಮೊನ್ನೆ ರಾಯಬಾಗದ ಕಡೆಯ ವಿದ್ಯಾರ್ಥಿಯೊಬ್ಬನು ಹಳೆಯ ಪುಸ್ತಕದಲ್ಲಿ ಅನಿಮಲ್ಕ್ಯೂಲ್ ಎಂಬ ಶಬ್ದವನ್ನು ಕಂಡು, ಅದರ ಅರ್ಥವನ್ನು ಕೇಳಲು ನನ್ನಲ್ಲಿಗೆ ಬಂದನು. ಇಂದಿನ ಪ್ರಾಣಿಶಾಸ್ತ್ರದಲ್ಲಿ ಅಪರೂಪವಾದ ಆ ಶಬ್ದದ ಬೆನ್ನು ಹತ್ತಿದ ನನಗೆ ಒಬ್ಬ ಮನುಷ್ಯನ ಬಾಳೇ ಎದುರಾಯಿತು.

ಆತನು ಹಾಲೆಂಡಿನ ಆಂಟನಿ ವಾನ್ ಲೀವೆನ್‌ಹುಕ್. 1632ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಬುಟ್ಟಿ ಹೆಣೆಯುವವನ ಮಗನಾಗಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಆಮ್‌ಸ್ಟರ್‌ಡಾಮಿನ ಅರಿವೆಯಂಗಡಿಯಲ್ಲಿ ಕೆಲಸ ಕಲಿತು, 1654ರಲ್ಲಿ ಊರಿಗೆ ಮರಳಿ ತನ್ನದೇ ಅಂಗಡಿಯನ್ನು ತೆರೆದನು. 1660ರಲ್ಲಿ ಪಟ್ಟಣದ ಕಚೇರಿಯಲ್ಲಿ ಸಣ್ಣದೊಂದು ಹುದ್ದೆಯೂ ದೊರೆಯಿತು. ಹಲವು ಮಕ್ಕಳು ಎಳೆಯ ವಯಸ್ಸಿನಲ್ಲಿ ತೀರಿಕೊಂಡು ಮರಿಯಾ ಎಂಬ ಮಗಳೊಬ್ಬಳು ಉಳಿದಳು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು, ಇಂಗ್ಲಿಷೂ ಬಾರದು.

ಅರಿವೆಯ ನೂಲುಗಳನ್ನು ಪರೀಕ್ಷಿಸಲು ವ್ಯಾಪಾರಿಗಳು ಭೂತಗನ್ನಡಿಯನ್ನು ಬಳಸುವುದು ವಾಡಿಕೆ. ಲೀವೆನ್‌ಹುಕ್ ತಾನೇ ಪುಟ್ಟ ಮಸೂರಗಳನ್ನು ಮಾಡಿ ಲೋಹದ ಹಲಗೆಗಳಲ್ಲಿ ಕೂರಿಸಿದನು. ಇಂದಿಗೂ ಉಳಿದಿರುವ ಅವುಗಳಲ್ಲಿ ಒಂದು, ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುವುದು. 1674ರಲ್ಲಿ ಕೆರೆಯ ನೀರನ್ನು ನೋಡಿದನು. ಬಳಿಕ ಮಳೆನೀರು, ಬಾವಿಯ ನೀರು, ಸಮುದ್ರದ ನೀರುಗಳನ್ನು ನೋಡಿದನು. ಕರಿಮೆಣಸು ನಾಲಗೆಯನ್ನು ಏಕೆ ಸುಡುವುದೆಂದು ತಿಳಿಯಲು ಅದನ್ನು ನೀರಿನಲ್ಲಿ ನೆನೆಯಿಟ್ಟನು. ಖಾರದ ಗುಟ್ಟು ಸಿಕ್ಕಲಿಲ್ಲ. ನೀರಿನ ತುಂಬ ಹರಿದಾಡುವ ಜೀವಿಗಳು ಸಿಕ್ಕವು.

ಅವಕ್ಕೆ ಹೆಸರಿರಲಿಲ್ಲ. ಆತನು ಮನೆಮಾತಿನಿಂದಲೇ ಶಬ್ದವನ್ನು ಎತ್ತಿಕೊಂಡು ಡೀರ್‌ಕೆನ್ಸ್ ಎಂದು ಕರೆದನು. ಡಚ್ ಭಾಷೆಯಲ್ಲಿ ಡೀರ್ ಎಂದರೆ ಪ್ರಾಣಿ, ಉಳಿದುದು ಕಿರಿದೆಂಬುದನ್ನು ಸೂಚಿಸುವ ಪ್ರತ್ಯಯ, ಒಟ್ಟಿನಲ್ಲಿ ಕಿರುಪ್ರಾಣಿಗಳು. ಲಂಡನ್ನಿನ ರಾಯಲ್ ಸೊಸೈಟಿಗೆ 1676ರ ಅಕ್ಟೋಬರಿನಲ್ಲಿ ಬರೆದ ದೀರ್ಘ ಪತ್ರವೂ ಡಚ್ಚಿನಲ್ಲಿಯೇ ಇದ್ದಿತು. ವಿದ್ವಾಂಸರು ಮೊದಲು ಸಂಶಯಪಟ್ಟರು. ಆತನು ಎಂಟು ಜನರಿಂದ ಸಾಕ್ಷ್ಯ ಬರೆಸಿ ಕಳುಹಿಸಿದನು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಸೊಸೈಟಿಯ ಮುಂದೆ ಅವನ್ನು ತೋರಿಸಿದ ಮೇಲೆ ಸಂಶಯ ಅಡಗಿತು. 1680ರಲ್ಲಿ ಆ ಸಂಸ್ಥೆ ಅರಿವೆಯ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ತೊಂಬತ್ತು ವರ್ಷ ಬಾಳಿ, ಕೊನೆಯವರೆಗೂ ತಾಯ್ನುಡಿಯಲ್ಲಿಯೇ ಪತ್ರಗಳನ್ನು ಬರೆದು, ಆತನು 1723ರಲ್ಲಿ ಕಣ್ಮುಚ್ಚಿದನು.

ಲ್ಯಾಟಿನ್ನಿನ ಅನಿಮಾಲ್ಕುಲಂ, ಇಂಗ್ಲಿಷಿನ ಅನಿಮಲ್ಕ್ಯೂಲ್ ಎಂಬವು ಈ ಮನೆಮಾತಿಗೆ ಪಂಡಿತರು ತೊಡಿಸಿದ ಉಡುಪುಗಳು. ಬ್ಯಾಕ್ಟೀರಿಯ, ಏಕಕೋಶ ಜೀವಿಗಳು, ಅತಿ ಚಿಕ್ಕ ಬಹುಕೋಶ ಪ್ರಾಣಿಗಳು ಎಲ್ಲವನ್ನೂ ಆ ಒಂದೇ ಹೆಸರು ಹೊತ್ತಿತ್ತು. ಅವು ಬೇರೆ ಬೇರೆ ಕುಲದವೆಂದೂ ಬ್ಯಾಕ್ಟೀರಿಯಗಳು ಪ್ರಾಣಿಗಳೇ ಅಲ್ಲವೆಂದೂ ತಿಳಿದ ಮೇಲೆ ಶಬ್ದವು ಮೂಲೆ ಸೇರಿತು.

ಅಥಣಿ, ಕಾಗವಾಡಗಳ ಕಡೆಯ ಜೈನ ಮನೆಗಳಲ್ಲಿ ಜೀವದಯೆಗಾಗಿ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುವ ರೂಢಿಯುಂಟು. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಜೀವಗಳಿಗೆ ಜೈನಶಾಸ್ತ್ರದಲ್ಲಿ ನಿಗೋದವೆಂಬ ಹೆಸರೂ ಉಂಟು. ಅದು ಶ್ರದ್ಧೆಯ ಮಾತು, ಲೀವೆನ್‌ಹುಕ್ಕನದು ಕಣ್ಣಾರೆ ಕಂಡ ಮಾತು, ಎರಡನ್ನೂ ಒಂದೆನ್ನಲಾಗದು. ಆದರೆ ಕಾಣದ ಜೀವಿಯ ವಿಚಾರವನ್ನು ಆಡಲು ನಮ್ಮ ನುಡಿಗೆ ಶಕ್ತಿ ಸಾಲದೆಂದು ಯಾರೂ ಹೇಳಲಾರರು.

ಹುಡುಗನಿಗೆ ಕಿರುಪ್ರಾಣಿ ಎಂದು ಅರ್ಥ ಹೇಳಿ, ಸಹೋದ್ಯೋಗಿಗಳ ಪ್ರಯೋಗಶಾಲೆಗೆ ಕರೆದೊಯ್ದೆ. ತನ್ನೂರಿನ ಕೆರೆಯ ನೀರಿನ ಹನಿಯೊಂದನ್ನು ಆತನು ಬಹಳ ಹೊತ್ತು ನೋಡಿ, ಕಂಡುದನ್ನೆಲ್ಲ ತಡವರಿಸದೆ ಕನ್ನಡದಲ್ಲಿ ವಿವರಿಸಿದನು. ಅವನ ತರುವಾಯ ನಾನೂ ಕಣ್ಣಿಟ್ಟು ನೋಡಿದೆ. ಇಪ್ಪತ್ತೈದು ವರ್ಷಗಳ ಹಿಂದೆಯೇ ನೋಡಬೇಕಾಗಿತ್ತು.