ಗಡಿಯನ್ನು ಸರಿಸಿದ ಅಧ್ಯಕ್ಷ

ಹಿಡಿದ ಕಾರ್ಯವನ್ನೆಲ್ಲ ಸಾಧಿಸಿ, ಕೊಟ್ಟ ಮಾತಿಗೆ ತಪ್ಪದೆ ಅಧಿಕಾರವನ್ನು ಬಿಟ್ಟಿಳಿದ ರಾಜಕಾರಣಿಗಳು ಚರಿತ್ರೆಯಲ್ಲಿ ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ಹನ್ನೊಂದನೆಯ ಅಧ್ಯಕ್ಷ ಜೇಮ್ಸ್ ನಾಕ್ಸ್ ಪೋಲ್ಕ್ ಅಂಥವರಲ್ಲಿ ಒಬ್ಬನು. ಆದರೆ ಸಾಧನೆ ಬೇರೆ, ಅದರ ಫಲ ಬೇರೆ ಎಂಬುದಕ್ಕೂ ಅವನ ಬಾಳೇ ನಿದರ್ಶನ.

1795ರ ನವೆಂಬರ್ 2ರಂದು ಉತ್ತರ ಕೆರೊಲಿನಾದಲ್ಲಿ ಜನಿಸಿದ ಪೋಲ್ಕ್ ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಟೆನೆಸ್ಸೀಗೆ ಬಂದು ನೆಲೆಸಿದನು. ಶರೀರ ದುರ್ಬಲ. ಅರಿವಳಿಕೆಯ ಮದ್ದು ಬಳಕೆಗೆ ಬಾರದಿದ್ದ ಆ ಕಾಲದಲ್ಲಿ, ಹದಿನೇಳರ ಹರೆಯದಲ್ಲಿ, ಮೂತ್ರದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆಯನ್ನು ಸಹಿಸಿಕೊಂಡನು. ಅವನ ಮುಂದಿನ ರಾಜಕಾರಣದಲ್ಲಿಯೂ ಆ ಹಟ ಎದ್ದು ಕಾಣುತ್ತದೆ. ವಕೀಲಿ ವೃತ್ತಿ, ಆಂಡ್ರೂ ಜಾಕ್ಸನ್ನನ ಅನುಯಾಯಿತ್ವ, ಪ್ರತಿನಿಧಿ ಸಭೆಯ ಸಭಾಪತಿತ್ವ, ಗವರ್ನರ್ ಪದವಿ ಹೀಗೆ ಮೇಲೇರಿದವನು 1841ರಲ್ಲಿಯೂ 1843ರಲ್ಲಿಯೂ ಗವರ್ನರ್ ಚುನಾವಣೆಯಲ್ಲಿ ಸೋತನು. ಆದರೂ 1844ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಸಮ್ಮೇಳನ ಒಂಬತ್ತನೆಯ ಸುತ್ತಿನ ಮತದಾನದಲ್ಲಿ ಅನಿರೀಕ್ಷಿತವಾಗಿ ಅವನನ್ನೇ ಆರಿಸಿತು. ಹೆನ್ರಿ ಕ್ಲೇಯಂಥ ಘಟಾನುಘಟಿಯನ್ನು ಸೋಲಿಸಿ ಅವನು ಅಧ್ಯಕ್ಷನಾದನು. ಒಂದೇ ಅವಧಿ ಸಾಕೆಂದು ಮೊದಲೇ ಮಾತು ಕೊಟ್ಟಿದ್ದನು. ಆ ನಾಲ್ಕು ವರ್ಷಗಳಲ್ಲಿಯೇ ದೇಶದ ಎಲ್ಲೆಯನ್ನು ಪೆಸಿಫಿಕ್ ಸಾಗರದ ತೀರಕ್ಕೆ ಮುಟ್ಟಿಸಬೇಕೆಂಬುದು ಅವನ ಸಂಕಲ್ಪ.

ವಾಯವ್ಯದಲ್ಲಿ ಆರೆಗನ್ ಪ್ರಾಂತಕ್ಕಾಗಿ ಪ್ರಬಲ ಬ್ರಿಟನ್ನಿನೊಡನೆ ವಿವಾದವಿತ್ತು. ಅಲ್ಲಿ ಅವನು ಮೊದಲು ಗರ್ಜಿಸಿದರೂ 1846ರ ಜೂನ್ ತಿಂಗಳಲ್ಲಿ 49ನೆಯ ಅಕ್ಷಾಂಶವನ್ನು ಗಡಿಯೆಂದು ಒಪ್ಪಿ ಶಾಂತವಾಗಿ ಬಗೆಹರಿಸಿಕೊಂಡನು. ದುರ್ಬಲವಾಗಿದ್ದ ಮೆಕ್ಸಿಕೋದ ವಿಷಯದಲ್ಲಿ ಅವನ ನಡೆ ಬೇರೆಯಾಯಿತು. ಆ ದೇಶದಿಂದ 1836ರಲ್ಲಿ ಸಿಡಿದುಹೋಗಿದ್ದ ಟೆಕ್ಸಾಸ್ 1845ರಲ್ಲಿ ಸಂಯುಕ್ತ ಸಂಸ್ಥಾನವನ್ನು ಸೇರಿತು. ಟೆಕ್ಸಾಸಿನ ಎಲ್ಲೆ ನ್ಯೂಸೆಸ್ ನದಿಗೇ ಮುಗಿಯುತ್ತದೆಂದು ಮೆಕ್ಸಿಕೋದ ವಾದ. ಅದರ ದಕ್ಷಿಣಕ್ಕಿರುವ ರಿಯೋ ಗ್ರಾಂಡೆಯವರೆಗೂ ಹಬ್ಬಿದೆಯೆಂದು ಪೋಲ್ಕನ ವಾದ. ಕ್ಯಾಲಿಫೋರ್ನಿಯ, ನ್ಯೂ ಮೆಕ್ಸಿಕೋಗಳನ್ನು ಕೊಳ್ಳಲೆಂದು ಅವನು ಕಳುಹಿಸಿದ ರಾಯಭಾರಿಯನ್ನು ಮೆಕ್ಸಿಕೋ ಸ್ವೀಕರಿಸಲಿಲ್ಲ. 1846ರ ಜನವರಿಯಲ್ಲಿ ಸೇನಾನಿ ಟೇಲರನಿಗೆ ರಿಯೋ ಗ್ರಾಂಡೆಯತ್ತ ನಡೆಯುವಂತೆ ಆಜ್ಞೆ ಹೋಯಿತು. ಏಪ್ರಿಲ್ 25ರಂದು ಆ ವಿವಾದದ ನೆಲದಲ್ಲಿ ಮೆಕ್ಸಿಕೋದ ಅಶ್ವದಳ ಅಮೆರಿಕನ್ ತುಕಡಿಯೊಂದರ ಮೇಲೆ ಬಿದ್ದಿತು.

ಮೇ 9ರಂದು ಪೋಲ್ಕ್ ಮಂತ್ರಿಗಳೊಡನೆ ಸಮಾಲೋಚಿಸಿ ಯುದ್ಧಕ್ಕೆ ಶಿಫಾರಸು ಮಾಡಲು ಆಗಲೇ ನಿಶ್ಚಯಿಸಿದ್ದನು. ಕಾದಾಟದ ವಾರ್ತೆ ಕೈಸೇರಿದ್ದು ಅದೇ ದಿನ ಸಂಜೆ. ಅಮೆರಿಕದ ನೆಲದ ಮೇಲೆ ಅಮೆರಿಕನ್ನರ ರಕ್ತ ಹರಿದಿದೆಯೆಂದು ಅವನು ಕಾಂಗ್ರೆಸ್ಸಿಗೆ ನಿವೇದಿಸಿದನು. ಮೇ 13ರಂದು ಯುದ್ಧಘೋಷಣೆಯಾಯಿತು. ರಕ್ತ ಹರಿದ ಆ ಸ್ಥಳವಾದರೂ ಯಾವುದೆಂದು 1847ರ ಡಿಸೆಂಬರಿನಲ್ಲಿ ಕೇಳಿದವನು ಹೊಸದಾಗಿ ಸಭೆಗೆ ಬಂದಿದ್ದ ಅಬ್ರಹಾಂ ಲಿಂಕನ್. ಮರುತಿಂಗಳು ಪ್ರತಿನಿಧಿ ಸಭೆಯೇ 85–81 ಮತಗಳಿಂದ, ಅಧ್ಯಕ್ಷನು ಅನವಶ್ಯಕವಾಗಿಯೂ ಸಂವಿಧಾನಬಾಹಿರವಾಗಿಯೂ ಯುದ್ಧವನ್ನಾರಂಭಿಸಿದನೆಂದು ಆಕ್ಷೇಪಿಸಿತು.

ಅಷ್ಟರಲ್ಲಿ ಮೆಕ್ಸಿಕೋದ ರಾಜಧಾನಿಯೇ ಬಿದ್ದುಹೋಗಿತ್ತು. ಸಂಧಾನಕಾರ ನಿಕೊಲಸ್ ಟ್ರಿಸ್ಟನು, ಹಿಂದಿರುಗಬೇಕೆಂದು ಬಂದ ಆಜ್ಞೆಯನ್ನು ಮೀರಿ, 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೆ ಸಹಿ ಹಾಕಿದನು. ಪೋಲ್ಕ್ ಅವನ ಮೇಲೆ ಕನಲಿದನು. ಒಪ್ಪಂದವನ್ನು ಮಾತ್ರ ಸ್ವೀಕರಿಸಿದನು. ಒಂದೂವರೆ ಕೋಟಿ ಡಾಲರಿಗೆ ಸುಮಾರು 5 ಲಕ್ಷ 25 ಸಾವಿರ ಚದರ ಮೈಲಿ ಭೂಮಿ ಕೈಸೇರಿತು. ಗಡಿ ರಿಯೋ ಗ್ರಾಂಡೆಗೆ ಬಂದು ನಿಂತಿತು. ಸುಮಾರು 13,000 ಅಮೆರಿಕನ್ ಯೋಧರು ಮಡಿದಿದ್ದರು, ಬಹುಪಾಲು ರೋಗಗಳಿಂದ.

ಗೆದ್ದ ನೆಲದಲ್ಲಿ ಗುಲಾಮಗಿರಿ ಇರಬೇಕೆ, ಬೇಡವೆ? ಯುದ್ಧ ನಡೆದಿರುವಾಗಲೇ ಈ ಪ್ರಶ್ನೆ ಉತ್ತರ ದಕ್ಷಿಣಗಳನ್ನು ಒಡೆಯತೊಡಗಿತ್ತು. ಪೋಲ್ಕ್ ಸ್ವತಃ ಗುಲಾಮರ ಒಡೆಯ. ಅಧ್ಯಕ್ಷನಾಗಿದ್ದಾಗಲೂ ಗುಟ್ಟಾಗಿ ಗುಲಾಮರನ್ನು ಕೊಳ್ಳುತ್ತಿದ್ದವನು. ಆ ಪ್ರಶ್ನೆಯ ಆಳ ಅವನಿಗೆ ಹೊಳೆಯಲಿಲ್ಲ. ಅದು ಅನವಶ್ಯಕ ಗೊಂದಲವಾಗಿಯೇ ಕಂಡಿತು.

ಕೊಟ್ಟ ಮಾತಿನಂತೆ 1849ರ ಮಾರ್ಚಿಯಲ್ಲಿ ಅಧಿಕಾರದಿಂದಿಳಿದು ಊರಿಗೆ ಮರಳಿದವನು ಮೂರೇ ತಿಂಗಳಲ್ಲಿ, ಜೂನ್ 15ರಂದು, ನ್ಯಾಶ್‌ವಿಲ್ಲಿನಲ್ಲಿ ಕಾಲರಾ ಬೇನೆಗೆ ತುತ್ತಾದನು. ಆಗ ವಯಸ್ಸು 53. ಮಕ್ಕಳಿರಲಿಲ್ಲ. ಹನ್ನೆರಡು ವರ್ಷಗಳ ಬಳಿಕ ಅಂತರ್ಯುದ್ಧ ಹೊತ್ತಿಕೊಂಡಿತು. ಮೆಕ್ಸಿಕೋದಲ್ಲಿ ತರುಣ ಲೆಫ್ಟಿನೆಂಟನಾಗಿ ಕಾದಾಡಿ, ಮುಂದೆ ತಾನೂ ಅಧ್ಯಕ್ಷನಾದ ಯುಲಿಸಿಸ್ ಗ್ರಾಂಟ್, ಆ ಅಂತರ್ಯುದ್ಧ ಬಹುಮಟ್ಟಿಗೆ ಮೆಕ್ಸಿಕೋ ಯುದ್ಧದಿಂದಲೇ ಹುಟ್ಟಿತೆಂದು ತನ್ನ ಆತ್ಮವೃತ್ತಾಂತದಲ್ಲಿ ಬರೆದಿಟ್ಟನು. 1862ರಲ್ಲಿ ಉತ್ತರದ ಸೈನ್ಯ ನ್ಯಾಶ್‌ವಿಲ್ಲನ್ನು ಹಿಡಿದಾಗ ಪೋಲ್ಕನ ವಿಧವೆ ಸಾರಾ ಆ ಊರಿನಲ್ಲಿಯೇ ಇದ್ದಳು. ಪತಿ ಕಾಣದೆ ಹೋದ ಫಲವನ್ನು ಕಣ್ಣಾರೆ ಕಂಡು ಆಕೆ 1891ರವರೆಗೂ ಬಾಳಿದಳು.